ದೇಶ ನೋಡಿದವರ ಮಾತು: ಗ್ರನಾಡಾ ನಗರವೂ ಗುಡ್ಡದ ಮೇಲಣ ಕೆಂಪರಮನೆಯೂ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮಲ್ಲಿ ಹಳೆಯ ಮಾತು. ದೇಶ ಸುತ್ತಿದವರು ಬರೆದಿಟ್ಟ ಕೋಶವನ್ನು ಓದುವವರಿಗಾದರೋ ಎರಡು ಫಲಗಳೂ ಒಂದೇ ಕಾಲದಲ್ಲಿ ದೊರೆಯುವುವು. ಈ ತಿಂಗಳು ವಾಚಕರನ್ನು ಸ್ಪೇನ್ ದೇಶದ ಗ್ರನಾಡಾ ಎಂಬ ನಗರಕ್ಕೆ ಕರೆದೊಯ್ಯಬೇಕೆಂದಿರುವೆವು. ಆ ನಗರವನ್ನೂ ಅದರ ಗುಡ್ಡದ ಮೇಲಿರುವ ಅಲ್ಹಂಬ್ರವೆಂಬ ಅರಮನೆಯನ್ನೂ ನಾನಾ ದೇಶಗಳ ಪ್ರವಾಸಿಗಳು ಆರು ನೂರು ವರ್ಷಗಳಿಗೂ ಮೇಲ್ಪಟ್ಟ ಕಾಲದಿಂದ ನೋಡಿ ಬರೆದಿರುವರು. ಒಂದೇ ಮನೆಯನ್ನು ಇಷ್ಟು ಮಂದಿ ಇಷ್ಟು ಬಗೆಯಾಗಿ ಕಂಡಿರುವುದು ಅಪೂರ್ವವೇ ಸರಿ. ಅವರೊಳಗೆ ಯಾರು ಏನನ್ನು ಕಂಡರು, ಯಾರ ಕಣ್ಣಿಗೆ ಯಾವುದು ಬೀಳಲಿಲ್ಲ, ಅವರ ಬರವಣಿಗೆಯಿಂದ ಆ ಮನೆಗೆ ಆದ ಲಾಭನಷ್ಟಗಳೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಊರಿನ ನೆಲೆ

ಸ್ಪೇನಿನ ತೆಂಕಣ ಸೀಮೆಗೆ ಅಂದಲೂಸಿಯ ಎಂದು ಹೆಸರು. ಗ್ರನಾಡಾ ಇರುವುದು ಅಲ್ಲಿ. ನಗರದ ಬೆನ್ನಿಗೆ ಸಿಯೆರ್ರಾ ನೆವಾಡಾ, ಎಂದರೆ ಹಿಮದ ಬೆಟ್ಟಸಾಲು. ಅದರ ಅತ್ಯುನ್ನತ ಶಿಖರದ ಎತ್ತರ ಸುಮಾರು ೧೧,೪೦೦ ಅಡಿ. ನಗರದ ಮುಂದೆ ವೇಗಾ ಎಂಬ ವಿಶಾಲವಾದ ಬಯಲು. ಅದರಲ್ಲಿ ಹೊಲಗಳೂ ಹಣ್ಣಿನ ತೋಟಗಳೂ. ಅಲ್ಲಿ ದಾರ್ರೋ, ಹೆನೀಲ್ ಎಂಬ ಎರಡು ಹೊಳೆಗಳುಂಟು; ಬೆಟ್ಟದ ಹಿಮ ಕರಗಿ ಹೆನೀಲಿಗೆ ನೀರನ್ನು ಒದಗಿಸುವುದು. ದಾರ್ರೋ ಹೊಳೆಯ ಒಂದು ದಡದ ಗುಡ್ಡದ ಮೇಲೆ ಅರಮನೆ. ಇನ್ನೊಂದು ದಡದ ಗುಡ್ಡದ ಮೇಲೆ ಅಲ್ಬಾಯ್ಸಿನ್ ಎಂಬ ಹಳೆಯ ಕೇರಿ. ಆ ಕೇರಿಯ ಓಣಿಗಳು ಎರಡು ಕತ್ತೆಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾಗುವಷ್ಟು ಇಕ್ಕಟ್ಟು. ಬಿಳಿಯ ಗೋಡೆಗಳ ಹಿಂದೆ ಹೊರಗಿನವರಿಗೆ ಕಾಣದಂತೆ ಹೂದೋಟಗಳುಂಟು. ಇಂತಹ ತೋಟದ ಮನೆಗೆ ಅಲ್ಲಿಯವರು ‘ಕಾರ್ಮೆನ್’ ಎನ್ನುವರು. ದ್ರಾಕ್ಷಿಯ ತೋಟವೆಂಬ ಅರ್ಥದ ಅರಬ್ಬೀ ಮಾತಿನಿಂದ ಬಂದ ಹೆಸರು ಅದು.

ಸ್ಪೇನಿನ ನುಡಿಯಲ್ಲಿ ‘ಗ್ರನಾಡಾ’ ಎಂದರೆ ದಾಳಿಂಬೆಯ ಹಣ್ಣು. ನಗರದ ಲಾಂಛನದಲ್ಲಿಯೂ ದಾಳಿಂಬೆಯನ್ನೇ ಬರೆದಿರುವರು. ‘ಅಲ್ಹಂಬ್ರ’ವೆಂಬುದು ‘ಕೆಂಪಾದುದು’ ಎಂಬ ಅರ್ಥದ ಅರಬ್ಬೀ ಮಾತು. ಆ ಕೋಟೆಯ ಗೋಡೆಗಳು ಕೆಮ್ಮಣ್ಣಿನ ಬಣ್ಣದವು. ಕೋಟೆಯ ಅತ್ಯಂತ ಹಳೆಯ ಭಾಗಕ್ಕೆ ‘ಅಲ್ಕಸಾಬಾ’ ಎಂದು ಹೆಸರು. ಈ ಹೆಸರನ್ನು ಕೇಳಿದ ಕೂಡಲೆ ನಮ್ಮ ವಾಚಕರಿಗೆ ತಮ್ಮ ತಾಲ್ಲೂಕಿನ ಕಸಬಾ ಹೋಬಳಿಯ ನೆನಪು ಬಂದರೆ ಅದು ತಪ್ಪಲ್ಲ. ಎರಡೂ ಒಂದೇ ಅರಬ್ಬೀ ಮಾತಿನ ಮಕ್ಕಳು. ಒಂದು ಪಡುವಣಕ್ಕೆ ಹೋಯಿತು, ಇನ್ನೊಂದು ಪಾರಸಿಯವರ ಕೈಯಿಂದ ನಮ್ಮ ಕಂದಾಯದ ಕಡತಕ್ಕೆ ಬಂದಿತು. ಹಾಗೆಯೇ ನಮ್ಮ ದೇಶದ ನಾರಂಗವು ಪಾರಸಿ ಅರಬ್ಬೀಗಳ ಮೂಲಕ ಸಾಗಿ ಸ್ಪೇನಿನಲ್ಲಿ ‘ನರಾಂಹ’ವಾಗಿರುವುದು, ಶರ್ಕರೆಯು ‘ಅಸೂಕರ್’ ಆಗಿರುವುದು. ಮನುಷ್ಯರು ಹೋಗಲಾರದ ದೂರಕ್ಕೆ ಮಾತುಗಳು ಎಷ್ಟು ಸುಲಭವಾಗಿ ಪ್ರವಾಸ ಮಾಡುವುವೆಂಬುದಕ್ಕೆ ಇದು ನಿದರ್ಶನ.

ಅರಮನೆಯೂ ಅದರ ನೀರೂ

ಕ್ರಿ. ಶ. ೭೧೧ರಲ್ಲಿ ಆಫ್ರಿಕದಿಂದ ಕಡಲನ್ನು ದಾಟಿ ಬಂದ ಮುಸಲ್ಮಾನರು ಸ್ಪೇನಿನ ಬಹುಭಾಗವನ್ನು ಗೆದ್ದುಕೊಂಡರು. ಯೂರೋಪಿನವರು ಇವರನ್ನು ಮೂರ್ ಜನರೆಂದು ಕರೆದರು. ಶತಮಾನಗಳು ಕಳೆದಂತೆಲ್ಲ ಬಡಗಣ ಕ್ರೈಸ್ತ ರಾಜ್ಯಗಳು ಬಲಗೊಂಡುವು. ೧೨೩೬ರಲ್ಲಿ ಕಾರ್ಡೊವ ನಗರವೂ ೧೨೪೮ರಲ್ಲಿ ಸೆವಿಲ್ ನಗರವೂ ಅವರ ವಶವಾದುವು. ಈ ನಡುವೆ ೧೨೩೮ರಲ್ಲಿ ಇಬ್ನ್ ಅಲ್ ಅಹ್ಮರನೆಂದು ಹೆಸರಾದ ಒಂದನೆಯ ಮುಹಮ್ಮದನು ಗ್ರನಾಡಾವನ್ನು ಹಿಡಿದು ನಸ್ರಿದ್ ವಂಶವನ್ನು ಸ್ಥಾಪಿಸಿದನು. ಈ ವಂಶವು ಕಾಸ್ಟೀಲಿನ ದೊರೆಗಳಿಗೆ ಕಪ್ಪವನ್ನು ಕೊಟ್ಟು, ಒಮ್ಮೆ ಯುದ್ಧ ಒಮ್ಮೆ ಸಂಧಿ ಎಂದು ಕಾಲವನ್ನು ನೂಕಿ, ಇನ್ನೂರೈವತ್ತು ವರ್ಷಗಳ ಮೇಲೂ ಬಾಳಿತು. ಒಂದನೆಯ ಮುಹಮ್ಮದನು ಸೆವಿಲಿನ ಮುತ್ತಿಗೆಯಲ್ಲಿ ಕ್ರೈಸ್ತ ದೊರೆಗೆ ಸೈನ್ಯದ ಸಹಾಯವನ್ನು ಸಹ ಮಾಡಬೇಕಾಯಿತು. ‘ದೇವನಲ್ಲದೆ ಗೆದ್ದವನಿಲ್ಲ’ ಎಂಬುದು ಈ ವಂಶದ ಧ್ಯೇಯವಾಕ್ಯ. ಅರಮನೆಯ ಗೋಡೆಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಈ ವಾಕ್ಯವೇ ಕಾಣುವುದು. ಸೋಲಿನ ಅಂಚಿನಲ್ಲಿ ನಿಂತಿದ್ದ ರಾಜರು ಮತ್ತೆ ಮತ್ತೆ ಕೆತ್ತಿಸಿದ ಮಾತು ಇದೆಂಬುದನ್ನು ಮರೆಯಬಾರದು.

ಗುಡ್ಡದ ಮೇಲೆ ಅರಮನೆ ಕಟ್ಟುವವನಿಗೆ ಮೊದಲನೆಯ ಚಿಂತೆ ನೀರಿನದು. ಇಬ್ನ್ ಅಲ್ ಅಹ್ಮರನ ಕಾಲದಲ್ಲಿಯೇ ದಾರ್ರೋ ಹೊಳೆಗೆ ಸುಮಾರು ೪ ಮೈಲಿ ಮೇಲಕ್ಕೆ ಒಡ್ಡು ಹಾಕಿ, ಅಲ್ಲಿಂದ ಗುಡ್ಡದ ಇಳಿಜಾರಿನ ಮಗ್ಗುಲಲ್ಲೇ ಕಾಲುವೆಯನ್ನು ತೋಡಿ, ಯಾವ ಯಂತ್ರದ ಸಹಾಯವೂ ಇಲ್ಲದೆ ನೀರು ತನ್ನಷ್ಟಕ್ಕೆ ತಾನೇ ಕೋಟೆಯೊಳಕ್ಕೆ ಹರಿದು ಬರುವಂತೆ ಮಾಡಿದರು. ಇದಕ್ಕೆ ರಾಜಕಾಲುವೆ ಎಂಬ ಅರ್ಥದ ಹೆಸರು ಈಗಲೂ ಉಂಟು. ಇದೇ ನೀರು ಸ್ನಾನದ ಮನೆಗಳಿಗೂ, ಕೊಳಗಳಿಗೂ, ಕಾರಂಜಿಗಳಿಗೂ, ಮಗ್ಗುಲ ಗುಡ್ಡದ ಹೆನೆರಾಲಿಫೆ ಎಂಬ ಬೇಸಗೆಯ ತೋಟಕ್ಕೂ ಹಂಚಿಹೋಗುವುದು. ಆ ತೋಟದಲ್ಲಿ ಒಂದು ಮೆಟ್ಟಿಲ ಸಾಲುಂಟು. ಅದರ ಎರಡು ಕಡೆಯ ಕೈಪಿಡಿಗಳ ಮೇಲೆಯೇ ಸಣ್ಣ ಕಾಲುವೆಗಳು ಹರಿಯುವುವು. ಹತ್ತುವವನು ಕೈಯಿಟ್ಟರೆ ತಣ್ಣನೆಯ ನೀರು ಬೆರಳಿಗೆ ತಾಕುವುದು.

ಈಗ ಪ್ರವಾಸಿಗಳು ನೋಡುವ ಮುಖ್ಯ ಕಟ್ಟಡಗಳು ೧೪ನೆಯ ಶತಮಾನದವು. ಒಂದನೆಯ ಯೂಸುಫನು (೧೩೩೩–೧೩೫೪) ಸುಮಾರು ೧೫೦ ಅಡಿ ಎತ್ತರದ ಕೊಮಾರೆಸ್ ಗೋಪುರವನ್ನೂ, ಅದರೊಳಗೆ ರಾಯಭಾರಿಗಳ ಸಭಾಮಂದಿರವನ್ನೂ ಕಟ್ಟಿಸಿದನು. ಆ ಮಂದಿರದ ಮೇಲ್ಛಾವಣಿಯಲ್ಲಿ ಎಂಟು ಸಾವಿರಕ್ಕೂ ಮೇಲ್ಪಟ್ಟ ಮರದ ತುಂಡುಗಳನ್ನು ನಕ್ಷತ್ರಾಕಾರವಾಗಿ ಜೋಡಿಸಿ ಏಳು ಸ್ವರ್ಗಗಳನ್ನು ಸೂಚಿಸಿರುವರು. ಎದುರಿಗೆ ಸುಮಾರು ೧೧೦ ಅಡಿ ಉದ್ದದ ಕೊಳ. ಅದಕ್ಕೆ ಎರಡು ತುದಿಗಳಿಂದಲೂ ನೀರನ್ನು ಅತಿ ಮೆಲ್ಲನೆ ಬಿಡುವರಾದುದರಿಂದ ಮೇಲ್ಮೈ ಅಲುಗದೆ ಕನ್ನಡಿಯಂತಿದ್ದು, ಗೋಪುರವು ತಲೆಕೆಳಗಾಗಿ ಅದರಲ್ಲಿ ನಿಂತಿರುವುದು. ಯೂಸುಫನ ಮಗನಾದ ಐದನೆಯ ಮುಹಮ್ಮದನು ಸಿಂಹಗಳ ಅಂಗಳವನ್ನು ಕಟ್ಟಿಸಿದನು. ನಡುವೆ ಹನ್ನೆರಡು ಅಮೃತಶಿಲೆಯ ಸಿಂಹಗಳು ಹೊತ್ತ ಕಾರಂಜಿಯ ಬಟ್ಟಲು. ಸುತ್ತಲೂ ೧೨೪ ಸಪೂರವಾದ ಕಂಬಗಳು. ಬಟ್ಟಲಿನ ಅಂಚಿನಲ್ಲಿ ಮಂತ್ರಿಯೂ ಕವಿಯೂ ಆಗಿದ್ದ ಇಬ್ನ್ ಜಮ್ರಕನ ಪದ್ಯಗಳನ್ನು ಕೊರೆದಿರುವರು. ಪಕ್ಕದ ಕೋಣೆಯ ಗುಮ್ಮಟದಲ್ಲಿ ಐದು ಸಾವಿರದಷ್ಟು ಗಾರೆಯ ಸಣ್ಣ ಗೂಡುಗಳು ಜೇನುಹುಟ್ಟಿನಂತೆ ಇಳಿಬಿದ್ದಿರುವುವು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಕಂಬಗಳನ್ನೂ ಸಿಂಹಗಳನ್ನೂ ಬಿಟ್ಟರೆ ಈ ಅರಮನೆಯಲ್ಲಿ ಬೆಲೆಬಾಳುವ ವಸ್ತು ಬಹಳವಿಲ್ಲ. ಮಣ್ಣು, ಇಟ್ಟಿಗೆ, ಗಾರೆ, ಮರ, ಬಣ್ಣದ ಹೆಂಚಿನ ಬಿಲ್ಲೆ—ಇಷ್ಟೇ. ಸಂಪತ್ತು ಕುಂದುತ್ತಿದ್ದ ರಾಜ್ಯವು ಬಡ ಸಾಮಗ್ರಿಯಿಂದ ಕೈಗೆಲಸದ ಬಲವೊಂದನ್ನೇ ನಂಬಿ ಕಟ್ಟಿದ ಮನೆ ಅದು. ಆದುದರಿಂದಲೇ ಅದು ಬಹು ನಾಜೂಕಾದುದು. ಯಾರೋ ಒಬ್ಬರು ದಿನವೂ ನೋಡಿಕೊಳ್ಳದಿದ್ದರೆ ನಿಲ್ಲತಕ್ಕದ್ದಲ್ಲ.

ಹೊನ್ನಾವರವನ್ನು ಕಂಡ ಕಣ್ಣು

ಗ್ರನಾಡಾವನ್ನು ನೋಡಿ ಬರೆದ ಹಳೆಯ ಪ್ರವಾಸಿಗಳಲ್ಲಿ ಒಬ್ಬನು ನಮ್ಮ ನಾಡಿನವರಿಗೂ ನಂಟನೇ. ಟಾಂಜಿಯರ್ ಪಟ್ಟಣದ ಇಬ್ನ್ ಬತೂತನು ೧೩೪೦ರ ದಶಕದ ಮೊದಲಲ್ಲಿ ನಮ್ಮ ಕರಾವಳಿಯಲ್ಲಿ ಸಂಚರಿಸಿ, ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡವನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ೧೩ ಪಾಠಶಾಲೆಗಳೂ ಗಂಡುಮಕ್ಕಳಿಗೆ ೨೩ ಪಾಠಶಾಲೆಗಳೂ ಇದ್ದುವೆಂದು ಎಣಿಸಿ ಬರೆದವನು ಇವನೇ. ಅದೇ ಮನುಷ್ಯನು ೧೩೫೦ರ ಸುಮಾರಿಗೆ ಗ್ರನಾಡಾಕ್ಕೆ ಬಂದನು. ಸುಲ್ತಾನ ಯೂಸುಫನಿಗೆ ಆಗ ದೇಹಾಲಸ್ಯವಿದ್ದುದರಿಂದ ದರ್ಶನವಾಗಲಿಲ್ಲ. ಆದರೆ ಸುಲ್ತಾನನ ತಾಯಿಯು ದೂರದಿಂದ ಬಂದ ಅತಿಥಿಗೆ ಚಿನ್ನದ ನಾಣ್ಯಗಳನ್ನು ಕಳುಹಿಸಿಕೊಟ್ಟಳು. ಒಳಗಿನ ಅರಮನೆಯನ್ನು ವರ್ಣಿಸದ ಈ ಪ್ರವಾಸಿಯು ಹೆನೀಲ್ ಹೊಳೆಯನ್ನೂ ಬಯಲಿನ ತೋಟಗಳನ್ನೂ ಬಾಯಿತುಂಬ ಹೊಗಳಿರುವನು. ಊರಿನಲ್ಲಿ ನೆಲೆಸಿದ್ದ ಫಕೀರರ ಒಂದು ಗುಂಪನ್ನೂ ಕಂಡನು. ಅವರಲ್ಲಿ ಸಮರ್ಕಂದದವನು, ತಬ್ರೀಜಿನವನು ಮೊದಲಾದವರ ಸಂಗಡ ಹಿಂದೂಸ್ಥಾನದವರು ಇಬ್ಬರಿದ್ದರಂತೆ. ತಮ್ಮ ತಮ್ಮ ದೇಶಗಳನ್ನು ಹೋಲುವುದೆಂದು ಅವರೆಲ್ಲರೂ ಆ ಊರಿನಲ್ಲಿ ನಿಂತರೆಂದು ಬರೆದಿರುವನು.

ಒಂದು ತೋಟದ ಮನೆಯಲ್ಲಿ ಇಬ್ನ್ ಬತೂತನು ತನ್ನ ಸಂಚಾರದ ಕಥೆಗಳನ್ನು ಹೇಳುತ್ತಿರುವಾಗ ಕೇಳಿದವರಲ್ಲಿ ಇಬ್ನ್ ಜುಜಯ್ಯ ಎಂಬ ತರುಣ ಲೇಖಕನೊಬ್ಬನಿದ್ದನು. ಮುಂದೆ ಫೆಸ್ ನಗರದಲ್ಲಿ ಇಬ್ಬರೂ ಮತ್ತೆ ಕೂಡಿದಾಗ, ಬತೂತನು ಹೇಳಿದುದನ್ನು ಈ ಲೇಖಕನೇ ಗ್ರಂಥವಾಗಿ ಬರೆದನು. ೧೩೫೫ರಲ್ಲಿ ಅದು ಮುಗಿಯಿತು. ಹೊನ್ನಾವರದ ಆ ಪಾಠಶಾಲೆಗಳ ಲೆಕ್ಕವು ಇಂದು ನಮಗೆ ತಿಳಿದಿರುವುದು ಗ್ರನಾಡಾದ ಒಬ್ಬ ಲೇಖಕನ ಲೇಖನಿಯಿಂದ.

ಒಡೆಯರು ಬದಲಾದ ಮೇಲೆ

೧೪೯೨ನೆಯ ಇಸವಿ ಜನವರಿ ೨ರಂದು ಕಡೆಯ ಸುಲ್ತಾನನಾದ ಬೊಅಬ್ದಿಲನು ನಗರವನ್ನು ಫರ್ಡಿನೆಂಡ್ ಮತ್ತು ಇಸಬೆಲ್ಲ ಎಂಬ ರಾಜದಂಪತಿಗಳಿಗೆ ಒಪ್ಪಿಸಿದನು. ಅವನು ಒಂದು ಕಣಿವೆಯ ಬಳಿ ನಿಂತು ಹಿಂದಿರುಗಿ ನೋಡಿ ಅತ್ತನೆಂದೂ, ಗಂಡಸಿನಂತೆ ಕಾಯಲಾರದುದಕ್ಕೆ ಹೆಂಗಸಿನಂತೆ ಅಳುವೆಯಾ ಎಂದು ತಾಯಿಯು ಜರೆದಳೆಂದೂ ಕಥೆ ಹೇಳುವರು. ಆ ಸ್ಥಳವನ್ನು ಪ್ರವಾಸಿಗಳಿಗೆ ಈಗಲೂ ತೋರಿಸುವರು. ಇದು ಗೆದ್ದವರ ಕಡೆಯಲ್ಲಿ ಬೆಳೆದ ಕಟ್ಟುಕಥೆ. ಅವನು ನಗರವನ್ನು ಬಿಡುವ ಮೊದಲು ಮಾಡಿಕೊಂಡ ಕರಾರನ್ನು ಕುರಿತು ಅಷ್ಟು ಮಂದಿ ಹೇಳುವುದಿಲ್ಲ. ಪ್ರಜೆಗಳ ಮನೆಮಾರುಗಳು, ಮತ, ನ್ಯಾಯಪದ್ಧತಿ ಇವೆಲ್ಲವೂ ಹಾಗೆಯೇ ಉಳಿಯಬೇಕೆಂದು ೧೪೯೧ರ ನವೆಂಬರಿನಲ್ಲಿ ಒಪ್ಪಂದವಾಗಿತ್ತು. ಅದರ ಮೇಲೆ ನಂಬಿಕೆಯಿಟ್ಟು ನಗರವು ಬಾಗಿಲು ತೆರೆಯಿತು.

ಎರಡು ವರ್ಷಗಳ ತರುವಾಯ, ೧೪೯೪ರ ಅಕ್ಟೋಬರಿನಲ್ಲಿ, ನ್ಯೂರೆಂಬರ್ಗಿನ ವೈದ್ಯನಾದ ಹಿಯರೋನಿಮಸ್ ಮುನ್ಜರನು ಅಲ್ಲಿಗೆ ಬಂದನು. ಒಪ್ಪಂದವು ಇನ್ನೂ ನಡೆಯುತ್ತಿದ್ದ ಆ ದಿನಗಳಲ್ಲಿ ಗೋಪುರಗಳಿಂದ ನಮಾಜಿನ ಕರೆ ಕೇಳಿಸುತ್ತಿದ್ದುದನ್ನೂ ಮಸೀದಿಗಳಲ್ಲಿ ಜನ ತುಂಬಿದ್ದುದನ್ನೂ ಅವನು ಬರೆದಿಟ್ಟಿರುವನು. ಇಂತಹ ಅರಮನೆ ಯೂರೋಪಿನಲ್ಲಿಯೇ ಮತ್ತೊಂದಿಲ್ಲವೆಂಬುದು ಅವನ ಅಭಿಪ್ರಾಯ.

ಐದೇ ವರ್ಷಗಳಲ್ಲಿ ಈ ಚಿತ್ರವು ಬದಲಾಯಿತು. ೧೪೯೯ರಲ್ಲಿ ಸಿಸ್ನೆರೋಸ್ ಎಂಬ ಮತಾಧಿಕಾರಿಯು ಬಲಾತ್ಕಾರದ ಮತಾಂತರವನ್ನು ಆರಂಭಿಸಿದನು. ಬಿಬ್ ರಂಬ್ಲ ಎಂಬ ಚೌಕದಲ್ಲಿ ಅರಬ್ಬೀ ಗ್ರಂಥಗಳ ರಾಶಿಗೆ ಬೆಂಕಿಯಿಡಲಾಯಿತು. ವೈದ್ಯಗ್ರಂಥಗಳನ್ನು ಮಾತ್ರ ಉಳಿಸಿಕೊಂಡರು. ಈಗ ಅದೇ ಚೌಕದಲ್ಲಿ ಹೂವಿನ ಅಂಗಡಿಗಳಿರುವುವು. ಹೂವನ್ನು ಕೊಳ್ಳುವ ಪ್ರವಾಸಿಗಳಲ್ಲಿ ಎಷ್ಟು ಮಂದಿಗೆ ಆ ನೆಲದ ಕಥೆ ಗೊತ್ತಿರುವುದೋ ಹೇಳುವುದು ಕಷ್ಟ. ಮತಾಂತರಗೊಂಡವರಿಗೆ ಮೊರಿಸ್ಕೋ ಎಂದು ಹೆಸರಾಯಿತು. ೧೫೬೭ರಲ್ಲಿ ಅವರ ಭಾಷೆಯನ್ನೂ, ಉಡಿಗೆಯನ್ನೂ, ಸ್ನಾನಗೃಹಗಳನ್ನೂ ನಿಷೇಧಿಸಿದರು. ೧೫೬೮ರ ಕಡೆಯಲ್ಲಿ ಅವರು ದಂಗೆಯೆದ್ದು ೧೫೭೧ರ ಹೊತ್ತಿಗೆ ಸೋತರು. ೧೬೦೯ರಿಂದ ೧೬೧೪ರವರೆಗೆ ಸ್ಪೇನಿನಿಂದ ಸುಮಾರು ಮೂರು ಲಕ್ಷ ಮಂದಿ ಮೊರಿಸ್ಕೋಗಳನ್ನು ಹೊರಗೆ ಅಟ್ಟಿದರು. ಯಹೂದ್ಯರ ಗತಿಯಂತೂ ಮೊದಲೇ ಆಗಿತ್ತು. ಅವರನ್ನು ಹೊರಡಿಸುವ ಆಜ್ಞೆಗೆ ರಾಜದಂಪತಿಗಳು ಸಹಿ ಹಾಕಿದುದು ೧೪೯೨ರ ಮಾರ್ಚಿ ೩೧ರಂದು, ಗ್ರನಾಡಾದಲ್ಲಿಯೇ. ಮೊರಾಕ್ಕೋ ದೇಶದಲ್ಲಿ ಗ್ರನಾಡಾದಿಂದ ಬಂದ ಮನೆತನಗಳವರು ತಮ್ಮ ಹಳೆಯ ಮನೆಯ ಬೀಗದ ಕೈಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವರೆಂದು ಹೇಳುವ ವಾಡಿಕೆಯುಂಟು. ಸಂಸಾರವಂದಿಗರಾದ ನಮ್ಮ ವಾಚಕರಿಗೆ ಈ ಮಾತಿನ ಭಾರವನ್ನು ಬಿಡಿಸಿ ಹೇಳಬೇಕಾದುದಿಲ್ಲ.

೧೫೨೬ರಲ್ಲಿ ಚಕ್ರವರ್ತಿಯಾದ ಐದನೆಯ ಚಾರ್ಲ್ಸನು ತನ್ನ ಹೊಸ ಮಡದಿಯೊಡನೆ ಅಲ್ಹಂಬ್ರಕ್ಕೆ ಬಂದನು. ಸ್ಥಳವು ಅವನಿಗೆ ಮೆಚ್ಚಿಗೆಯಾಯಿತು. ಆದರೆ ಹಳೆಯ ಮನೆಯು ಸಾಲದಾಯಿತು. ಮೊರಿಸ್ಕೋಗಳಿಂದ ಬಂದ ತೆರಿಗೆಯ ಹಣದಿಂದ ಪಕ್ಕದಲ್ಲಿಯೇ ಹೊಸ ಅರಮನೆಯನ್ನು ಕಟ್ಟಲು ತೊಡಗಿದರು. ಹೊರಗೆ ಚೌಕ, ಒಳಗೆ ವೃತ್ತಾಕಾರದ ಅಂಗಳವುಳ್ಳ ಆ ಗಂಭೀರವಾದ ಕಟ್ಟಡಕ್ಕೆ ೨೦ನೆಯ ಶತಮಾನದವರೆಗೂ ಪೂರ್ತಿ ಮಾಡು ಬರಲಿಲ್ಲ. ಅದೇ ವರ್ಷ ಅಲ್ಲಿದ್ದ ವೆನಿಸಿನ ರಾಯಭಾರಿ ನವಾಜೆರೊ ಎಂಬಾತನು ಹೆನೆರಾಲಿಫೆಯ ಕಾರಂಜಿಗಳನ್ನು ಬಹಳ ಮೆಚ್ಚಿದನು. ಮರೆಯಲ್ಲಿದ್ದ ನೀರು ಒಮ್ಮೆಗೇ ಚಿಮ್ಮಿ ನಿಂತವರನ್ನು ತೋಯಿಸುವ ಚೇಷ್ಟೆಯನ್ನು ಸಹ ವರ್ಣಿಸಿರುವನು. ಆದರೆ ಅವನ ಕಣ್ಣು ಇನ್ನೊಂದನ್ನೂ ಕಂಡಿತು: ಮೂರ್ ಜನರು ಕಡಮೆಯಾದಂತೆಲ್ಲ ಮನೆಗಳೂ ತೋಟಗಳೂ ಹಾಳುಬೀಳುತ್ತಿದ್ದುವು. ನೀರನ್ನು ತಿರುಗಿಸಬಲ್ಲ ಕೈಗಳು ಹೋದ ಮೇಲೆ ತೋಟವು ಎಷ್ಟು ದಿನ ಹಸುರಾಗಿದ್ದೀತು?

ಕಥೆಗಾರನು ಕಂಡ ಹಾಳುಮನೆ

ಮುಂದಿನ ಮುನ್ನೂರು ವರ್ಷಗಳು ಅರಮನೆಗೆ ಒಳ್ಳೆಯ ಕಾಲವಲ್ಲ. ೧೫೯೦ರಲ್ಲಿ ಸಮೀಪದ ಮದ್ದಿನ ಮನೆಯೊಂದು ಸಿಡಿದು ಹಾನಿಯಾಯಿತು. ೧೮೧೦ರಿಂದ ನೆಪೋಲಿಯನ್ನನ ಸೈನ್ಯವು ಅಲ್ಲಿ ಬೀಡುಬಿಟ್ಟು, ೧೮೧೨ರಲ್ಲಿ ಹೊರಡುವಾಗ ಕೋಟೆಯ ಅನೇಕ ಗೋಪುರಗಳನ್ನು ಮದ್ದಿಟ್ಟು ಹಾರಿಸಿತು. ಬಡವರೂ, ಮುದಿ ಸಿಪಾಯಿಗಳೂ ಖಾಲಿ ಕೋಣೆಗಳನ್ನು ಸೇರಿಕೊಂಡು ಒಲೆ ಹೂಡಿದರು.

ಅಮೆರಿಕದ ಗ್ರಂಥಕರ್ತನಾದ ವಾಷಿಂಗ್ಟನ್ ಇರ್ವಿಂಗನು ೧೮೨೯ರ ಮೇ ತಿಂಗಳಲ್ಲಿ, ದಾರಿಗಳ್ಳರ ಭಯವಿದ್ದ ಬೆಟ್ಟದ ಹಾದಿಯಲ್ಲಿ ಸೆವಿಲಿನಿಂದ ಕುದುರೆಯ ಮೇಲೆ ಬಂದು ತಲುಪಿದುದು ಇಂತಹ ಮನೆಗೆ. ಕೋಟೆಯ ಅಧಿಕಾರಿಯು ಗುಡ್ಡವನ್ನು ಹತ್ತಿಳಿಯುವುದು ತ್ರಾಸವೆಂದು ಊರಿನಲ್ಲಿಯೇ ವಾಸವಾಗಿದ್ದುದರಿಂದ, ಅರಮನೆಯೊಳಗೆ ತಂಗುವುದಕ್ಕೆ ಇರ್ವಿಂಗನಿಗೆ ಅಪ್ಪಣೆ ದೊರೆಯಿತು. ಅರಮನೆಯನ್ನು ನೋಡಿಕೊಳ್ಳುತ್ತಿದ್ದ ಅಂಟೋನಿಯ ಎಂಬ ವಯಸ್ಸಾದ ಹೆಂಗಸು ಅಡಿಗೆ ಮಾಡಿ ಬಡಿಸುತ್ತಿದ್ದಳು. ಮಾಟೆಯೋ ಎಂಬ ಬಡವನು, ತಾನು ಅಲ್ಹಂಬ್ರದ ಮಗನೆಂದು ಹೇಳಿಕೊಂಡು ಜೊತೆಗೂಡಿ, ಕಲ್ಲುಕಲ್ಲಿಗೂ ಒಂದೊಂದು ಕಥೆಯನ್ನು ಹೇಳುತ್ತಿದ್ದನು. ಒಂಟಿಯಾಗಿ ಮಲಗಿದ ಮೊದಲ ರಾತ್ರಿಗಳಲ್ಲಿ ಇರ್ವಿಂಗನಿಗೆ ದೂರದಿಂದ ನರಳಿಕೆಯೂ ಕೂಗೂ ಕೇಳಿಸಿ ಎದೆ ನಡುಗಿತಂತೆ. ಬೆಳಗಾದ ಮೇಲೆ ವಿಚಾರಿಸಲು, ಅದು ಭೂತವಲ್ಲ. ಅರಮನೆಯವರ ನಂಟನಾದ ಬುದ್ಧಿಭ್ರಮೆಯ ರೋಗಿಯೊಬ್ಬನನ್ನು ಕೆಳಗಿನ ಕೋಣೆಯಲ್ಲಿ ಇಟ್ಟಿದ್ದರೆಂದು ತಿಳಿಯಿತು. ಗೋಪುರದ ಮೇಲಿನಿಂದ ಹುಡುಗರು ಗಾಳಕ್ಕೆ ನೊಣವನ್ನು ಸಿಕ್ಕಿಸಿ ಆಕಾಶದಲ್ಲಿ ಬಾನಾಡಿಗಳನ್ನು ಹಿಡಿಯುತ್ತಿದ್ದುದನ್ನು ಸಹ ಅವನು ಕಂಡು ನಕ್ಕನು. ಜುಲೈ ತಿಂಗಳಲ್ಲಿ ಲಂಡನ್ನಿನ ಉದ್ಯೋಗಕ್ಕೆ ಕರೆ ಬಂದು ಹೊರಟುಹೋದನು. ೧೮೩೨ರಲ್ಲಿ ಅವನ ಅಲ್ಹಂಬ್ರದ ಕಥೆಗಳು ಅಚ್ಚಾಗಿ, ಯೂರೋಪು ಅಮೆರಿಕಗಳ ಮನೆಮನೆಗಳಲ್ಲಿ ಓದಲ್ಪಟ್ಟುವು.

ಲೇಖನಿಯಿಂದ ಆದುದು

ಇರ್ವಿಂಗನ ಪುಸ್ತಕವು ಹಾಳುಮನೆಯ ಕಡೆಗೆ ಲೋಕದ ಮುಖವನ್ನು ತಿರುಗಿಸಿತು. ಇದು ದೊಡ್ಡ ಉಪಕಾರ. ಆದರೆ ಬಂದವರೆಲ್ಲರೂ ತಮ್ಮ ಹೆಸರನ್ನು ಗೋಡೆಯಲ್ಲಿ ಕೊರೆದು ಹೋಗತೊಡಗಿದರೆ ಗಾರೆಯ ಗೋಡೆ ಉಳಿಯುವುದೆಂತು? ಇರ್ವಿಂಗನ ಸಂಗಡ ಬಂದಿದ್ದ ರಷ್ಯದ ರಾಯಭಾರ ಕಚೇರಿಯ ದೊಲ್ಗೊರೂಕಿ ಎಂಬ ರಾಜಕುಮಾರನು ಇದಕ್ಕೆ ಒಂದು ಸರಳವಾದ ಉಪಾಯವನ್ನು ಮಾಡಿದನು. ದೊಡ್ಡದೊಂದು ಸಹಿಯ ಪುಸ್ತಕವನ್ನು ಅರಮನೆಗೆ ಕಾಣಿಕೆಯಾಗಿ ಕೊಟ್ಟು, ಹೆಸರು ಬರೆಯುವ ಆಸೆಯುಳ್ಳವರು ಗೋಡೆಯನ್ನು ಬಿಟ್ಟು ಕಾಗದದ ಮೇಲೆ ಬರೆಯುವಂತೆ ಏರ್ಪಡಿಸಿದನು. ಆ ಪುಸ್ತಕವು ಈಗಲೂ ಭದ್ರವಾಗಿರುವುದು. ಹಳೆಯ ಗುಡಿಗೋಪುರಗಳಿಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಈ ಕಥೆಯನ್ನು ದಾರಿಯಲ್ಲಿ ಹೇಳಿದರೆ ಪ್ರಯೋಜನವುಂಟು.

೧೮೩೪ರಲ್ಲಿ ಓವೆನ್ ಜೋನ್ಸ್ ಎಂಬ ಇಂಗ್ಲಿಷ್ ಶಿಲ್ಪಿಯೂ ಜೂಲ್ಸ್ ಗೂರಿ ಎಂಬ ಫ್ರೆಂಚ್ ಶಿಲ್ಪಿಯೂ ಬಂದು, ಗೋಡೆಗೋಡೆಯನ್ನೂ ಅಳೆದು ಚಿತ್ರ ಬರೆದುಕೊಂಡರು. ಗೂರಿಯು ಆ ಬೇಸಗೆಯಲ್ಲಿಯೇ ಕಾಲರಾ ಬೇನೆಯಿಂದ ಗ್ರನಾಡಾದಲ್ಲಿ ತೀರಿಕೊಂಡನು. ಜೋನ್ಸನು ೧೮೩೭ರಲ್ಲಿ ಮತ್ತೆ ಬಂದು ಕೆಲಸವನ್ನು ಪೂರೈಸಿ, ೧೮೪೨ರಿಂದ ೧೮೪೫ರ ಒಳಗೆ ಬಣ್ಣದ ಅಚ್ಚಿನಲ್ಲಿ ಪ್ರಕಟಿಸಿದನು. ೧೯೨೨ರಲ್ಲಿಯೂ ೧೯೩೬ರಲ್ಲಿಯೂ ಬಂದ ಹಾಲೆಂಡಿನ ಚಿತ್ರಕಾರ ಎಷರನು, ಹೆಂಚಿನ ಬಿಲ್ಲೆಗಳು ಎಡೆಯಿಲ್ಲದಂತೆ ಒಂದರೊಳಗೊಂದು ಹೊಂದಿಕೊಳ್ಳುವ ಬಗೆಯನ್ನು ನಕಲು ಮಾಡಿಕೊಂಡು, ತನ್ನ ಹೊಸ ಬಗೆಯ ಚಿತ್ರಗಳಿಗೆ ಅದನ್ನೇ ಬೀಜವಾಗಿ ಮಾಡಿಕೊಂಡನು.

ಕಥೆಗಳ ಪ್ರಭಾವದಿಂದ ಕೆಡಕೂ ಆಗದಿರಲಿಲ್ಲ. ಪೂರ್ವದೇಶದ ಅರಮನೆ ಹೀಗಿರಬೇಕೆಂದು ಜನರು ಓದಿ ಊಹಿಸಿಕೊಂಡಿದ್ದರಷ್ಟೆ. ೧೮೫೯ರಲ್ಲಿ ಜೀರ್ಣೋದ್ಧಾರ ಮಾಡಿದವರು ಆ ಊಹೆಗೆ ತಕ್ಕಂತೆ ಸಿಂಹಗಳ ಅಂಗಳದ ಮಂಟಪದ ಮೇಲೆ ಬಣ್ಣದ ಹೆಂಚಿನ ಗುಮ್ಮಟವೊಂದನ್ನು ಏರಿಸಿದರು. ಮೂಲದಲ್ಲಿ ಅಂತಹುದು ಇರಲೇ ಇಲ್ಲ. ೧೯೨೩ರಿಂದ ೧೯೩೬ರವರೆಗೆ ಅರಮನೆಯ ರಕ್ಷಕ ಶಿಲ್ಪಿಯಾಗಿದ್ದ ತೊರ್ರೆಸ್ ಬಲ್ಬಾಸ್ ಎಂಬ ವಿದ್ವಾಂಸನು, ಊರಿನವರ ಆಕ್ಷೇಪಣೆಗೆ ಬೆದರದೆ, ೧೯೩೪ರಲ್ಲಿ ಅದನ್ನು ತೆಗೆಯಿಸಿ ಹಳೆಯ ರೀತಿಯ ಮಾಡನ್ನು ಹೊದಿಸಿದನು. ಇದ್ದುದನ್ನು ಇದ್ದಂತೆ ಉಳಿಸುವುದು, ಇಲ್ಲದುದನ್ನು ಚೆಲುವಿನ ಆಸೆಯಿಂದ ಸೇರಿಸದಿರುವುದು—ಇದು ಅವನು ಹಿಡಿದ ದಾರಿ.

ಮಾರ್ಗದರ್ಶಕರು ತೋರಿಸುವ ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬಹುದು. ಸಿಂಹಗಳ ಅಂಗಳದ ಪಕ್ಕದ ಕೋಣೆಯಲ್ಲಿ ಅಬೆನ್ಸೆರಾಜ್ ಮನೆತನದ ವೀರರ ತಲೆಗಳನ್ನು ಕಡಿಸಿದರೆಂದೂ, ಕಾರಂಜಿಯ ಬಟ್ಟಲಿನಲ್ಲಿರುವ ಕೆಂಪು ಕಲೆ ಅವರ ರಕ್ತವೆಂದೂ ಹೇಳುವರು. ಅದು ನೀರಿನಲ್ಲಿರುವ ಕಬ್ಬಿಣದ ತುಕ್ಕು. ಆದರೂ ಬಂದವರೆಲ್ಲರೂ ಬಗ್ಗಿ ನೋಡದೆ ಹೋಗುವುದಿಲ್ಲ. ನಿಜವಾಗಿ ಮನೆಮಾರು ಕಳೆದುಕೊಂಡ ಲಕ್ಷಾಂತರ ಜನರಿಗೆ ಅರಮನೆಯಲ್ಲಿ ಒಂದು ಕಲೆಯೂ ಇಲ್ಲ. ಕಥೆಯ ರಕ್ತಕ್ಕೆ ಮರುಗುವವರು ಚರಿತ್ರೆಯ ಕಣ್ಣೀರನ್ನು ವಿಚಾರಿಸದೆ ಮುಂದಕ್ಕೆ ನಡೆಯುವರು.

ಈಗ ಹೋಗುವವರಿಗೆ

೧೮೭೦ರಲ್ಲಿ ಅಲ್ಹಂಬ್ರವು ರಾಷ್ಟ್ರದ ಸ್ಮಾರಕವಾಯಿತು. ೧೯೮೪ರಲ್ಲಿ ವಿಶ್ವಸಂಸ್ಥೆಯ ಯುನೆಸ್ಕೋ ಅದನ್ನು ಪ್ರಪಂಚದ ಸೊತ್ತುಗಳ ಪಟ್ಟಿಗೆ ಸೇರಿಸಿತು. ೧೯೯೪ರಲ್ಲಿ ಅಲ್ಬಾಯ್ಸಿನ್ ಕೇರಿಯನ್ನೂ ಸೇರಿಸಿದರು. ಹನ್ನೆರಡು ಸಿಂಹಗಳನ್ನು ತೊಳೆದು ಸರಿಪಡಿಸಿ ೨೦೧೨ರಲ್ಲಿ ಮತ್ತೆ ನೆಲೆಗೊಳಿಸಿ, ಅಂಗಳಕ್ಕೆ ಅಮೃತಶಿಲೆಯ ನೆಲವನ್ನು ಹಾಸಿದರು. ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು ಜನರು ನೋಡಲು ಬರುವರು. ನಾಜೂಕಾದ ಮನೆಗೆ ಇಷ್ಟು ಮಂದಿಯ ಉಸಿರೇ ಒಂದು ಭಾರವಾದುದರಿಂದ ಒಳಗಿನ ಅರಮನೆಗಳಿಗೆ ಹೋಗುವ ಹೊತ್ತನ್ನು ಟಿಕೆಟ್ಟಿನಲ್ಲಿಯೇ ನಮೂದಿಸಿರುವರು. ಆ ಹೊತ್ತು ತಪ್ಪಿದರೆ ಪ್ರವೇಶವಿಲ್ಲ. ಬಹಳ ದಿನ ಮುಂಚಿತವಾಗಿ ಟಿಕೆಟ್ಟನ್ನು ಪಡೆದು, ಪಾಸ್‌ಪೋರ್ಟನ್ನು ಜೊತೆಯಲ್ಲಿಟ್ಟುಕೊಂಡಿರಬೇಕು. ಮಕ್ಕಳು ವಿದೇಶದಲ್ಲಿದ್ದು ತಾಯಿತಂದೆಗಳನ್ನು ಕರೆಸಿಕೊಳ್ಳುವ ಈ ಕಾಲದಲ್ಲಿ ನಮ್ಮ ವಾಚಕರಲ್ಲಿ ಕೆಲವರಾದರೂ ಅಲ್ಲಿಗೆ ಹೋಗಬಹುದು. ಗುಡ್ಡವು ಕಡಿದು, ನಡಿಗೆ ಬಹಳ. ವಯಸ್ಸಾದವರು ಒಳ್ಳೆಯ ಕೆರಗಳನ್ನು ಹಾಕಿಕೊಂಡು, ಬೇಸಗೆಯ ನಡುಹಗಲನ್ನು ಬಿಟ್ಟು ಹೋಗುವುದು ಲೇಸು.

ಅಲ್ಕಸಾಬಾದ ವೇಲಾ ಎಂಬ ಗೋಪುರವನ್ನು ಹತ್ತುವುದನ್ನು ಮರೆಯಬಾರದು. ಅಲ್ಲಿರುವ ಗಂಟೆಯು ಹಿಂದಿನ ಕಾಲದಲ್ಲಿ ರಾತ್ರಿಯೆಲ್ಲ ಬಾರಿಸುತ್ತ, ಬಯಲಿನ ಒಕ್ಕಲಿಗರಿಗೆ ಯಾರ ಹೊಲಕ್ಕೆ ಯಾವಾಗ ನೀರಿನ ಸರದಿಯೆಂಬುದನ್ನು ತಿಳಿಸುತ್ತಿತ್ತು. ಪ್ರತಿವರ್ಷ ಜನವರಿ ೨ರಂದು ಊರಿನ ಕನ್ಯೆಯರು ಸಾಲುಗಟ್ಟಿ ಬಂದು ಆ ಗಂಟೆಯನ್ನು ಬಾರಿಸುವರು. ಬಾರಿಸಿದವಳಿಗೆ ಆ ವರ್ಷವೇ ಮದುವೆಯಾಗುವುದೆಂದು ನಂಬಿಕೆ. ಆ ದಿನವು ನಗರವನ್ನು ಗೆದ್ದ ದಿನ. ಅದನ್ನು ಹಬ್ಬವಾಗಿ ಆಚರಿಸುವುದು ಯುಕ್ತವೇ ಎಂದು ಊರಿನವರಲ್ಲಿಯೇ ವರ್ಷವರ್ಷವೂ ವಾದ ನಡೆಯುವುದು. ಎದುರಿನ ಅಲ್ಬಾಯ್ಸಿನ್ ಗುಡ್ಡದಲ್ಲಿ, ಅರಮನೆಯು ಪೂರ್ತಿಯಾಗಿ ಕಾಣುವ ಸಂತ ನಿಕೊಲಾಸನ ಚೌಕದ ಪಕ್ಕದಲ್ಲಿ, ೨೦೦೩ರಲ್ಲಿ ಹೊಸದೊಂದು ಮಸೀದಿಯು ತೆರೆಯಲ್ಪಟ್ಟಿತು. ಒಂದು ಗುಡ್ಡದಲ್ಲಿ ಗಂಟೆಯೂ ಇನ್ನೊಂದು ಗುಡ್ಡದಲ್ಲಿ ನಮಾಜಿನ ಕರೆಯೂ ಇರುವ ಊರು ಈಗ ಅದು.

ಅರಮನೆಯಲ್ಲಿ ತಂಗಿದ ಇರ್ವಿಂಗನನ್ನೂ, ಅಳೆದು ಬರೆದ ಜೋನ್ಸನನ್ನೂ, ಹಾಳಾಗುತ್ತಿದ್ದ ತೋಟಗಳನ್ನು ಕಂಡು ಮರುಗಿದ ನವಾಜೆರೊನನ್ನೂ ಓದಿಕೊಂಡು ಹೋಗುವವರಿಗೆ ಆ ಮನೆಯು ಹೆಚ್ಚಾಗಿ ಕಾಣುವುದರಲ್ಲಿ ಸಂದೇಹವಿಲ್ಲ. ಅವರೆಲ್ಲರೂ ಅತಿಥಿಗಳು. ಮನೆಯ ಜನರು ಏನಾದರೆಂದು ಅತಿಥಿಯು ವಿಚಾರಿಸುವುದು ನಮ್ಮಲ್ಲಿ ಮರ್ಯಾದೆಯ ಮೊದಲ ಮಾತು. ಸಿಂಹಗಳ ಅಂಗಳದಲ್ಲಿ ನಿಂತು ಚಿತ್ರ ತೆಗೆದುಕೊಳ್ಳುವ ಮೊದಲು ಅಷ್ಟನ್ನು ವಿಚಾರಿಸಿದರೆ, ಆ ಗೋಡೆಗಳ ಮೇಲಿನ ಬರಹವು ಬರಿಯ ಚಿತ್ತಾರವಾಗಿ ಕಾಣಲಾರದು.